ಔರಾದ ಕ್ಯಾಂಪಿನ ಬಜ್ಜಿ ಪ್ರಕರಣ

ರಸ್ತೆ ಕ್ಯಾಂಪು, ಔರಾದ
೩ ಅಕ್ಟೋಬರ್ ೧೯೪೯

ಚಿ|| ಸೌ|| ಕಾಮಾಕ್ಷಿಗೆ ನಿನ್ನ ಪತಿಯ ಆಶೀರ್ವಾದಗಳು.

ನಾನು ಬದುಕಿದ್ದೇನೆ. ಈ ಸಂಗತಿಯನ್ನು ನಿನ್ನ ಅಣ್ಣನಿಗೂ ತಿಳಿಸು. ಅವನಿಗೆ ಬೇಸರವಾದರೆ ಅದಕ್ಕೆ ನಾನು ಹೊಣೆಯಲ್ಲ. "ತಿಪಟೂರು ಬಿಟ್ಟು ಹೋಗಿ ನೋಡಿ ಭಾವ, ಎಂಟು ದಿನಕ್ಕೆ ವಾಪಸ್ಸು ಬಂದು ನನ್ನ ಹೋಟೆಲಿನಲ್ಲೇ ಲೋಟ ಎಣಿಸ್ತೀರಿ" ಎಂದು ಗಿರಾಕಿಗಳ ಎದುರಿಗೆ ಅಂದವನು ಅವನೇ ಅಲ್ಲವೆ?

ರೈಲಿನ ಮೇಲೆ ರೈಲು ಬದಲಾಯಿಸಿ ಕೊನೆಗೆ ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದೆ. ನಾನೂ ಟ್ರಂಕೂ ಇಳಿದೆವು. ಹಾಸಿಗೆ ಸುರುಳಿ ಮಾತ್ರ ಇಳಿಯಲಿಲ್ಲ, ಅದು ಪರಳಿ ವೈಜನಾಥನ ಯಾತ್ರೆಗೆ ಮುಂದಕ್ಕೆ ಹೋಯಿತು. ಪುಣ್ಯದಲ್ಲಿ ನಮಗೂ ಪಾಲು ಬಂದೀತು.

ಇದು ಹೈದರಾಬಾದ್ ಸಂಸ್ಥಾನ. ಹೋದ ವರ್ಷ ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಡಳಿತ ಮುಗಿಯಿತೆಂದು ಪೇಪರಿನಲ್ಲಿ ಓದಿದೆವಲ್ಲ, ಆ ಸುದ್ದಿ ಇಲ್ಲಿನ ಕಾಗದಪತ್ರಗಳಿಗೆ ಇನ್ನೂ ಮುಟ್ಟಿಲ್ಲ. ನನ್ನ ನೇಮಕದ ಹುಕುಂ ಉರ್ದುವಿನಲ್ಲಿದೆ. ಬೀದರಿನಲ್ಲಿ ಗುಮಾಸ್ತ ಅಬ್ದುಲ ಅಜೀಜ ಸಾಹೇಬರು ನಾನು ಅದನ್ನು ತಲೆಕೆಳಗಾಗಿ ಹಿಡಿದಿರುವುದನ್ನು ಬಹಳ ಮರ್ಯಾದೆಯಿಂದ ತಿಳಿಸಿ, ತಿರುಗಿಸಿಕೊಟ್ಟು, ಓದಿ ಹೇಳಿದರು: "ತಾವು ಕ್ಯಾಂಪಿನ ಮೆಸ್ ಮ್ಯಾನೇಜರು, ಹುಜೂರ್." ಹುಜೂರ್! ಈ ಪದವನ್ನು ನಿನ್ನ ಅಣ್ಣನಿಗೆ ಎರಡು ಸಲ ಓದು.

ಭಾಲ್ಕಿಯಿಂದ ಔರಾದಿಗೆ ಹೊಸ ರಸ್ತೆ ಬೀಳುತ್ತಿದೆ. ಸದ್ಯಕ್ಕೆ ಬಿದ್ದಿರುವುದು ಕಲ್ಲು, ಮತ್ತು ಅದರ ಮೇಲೆ ಒಂದೆರಡು ಸಲ ನಾನು. ಸುತ್ತ ಕಪ್ಪು ಮಣ್ಣು, ಜೋಳ, ಆಕಾಶ. ನಡುವೆ ನಮ್ಮ ಡೇರೆಗಳು. ಕೂಲಿಯವರು ಊಟಕ್ಕೆ ಊರಿಗೆ ಹೋದರೆ ಆ ದಿನ ತಿರುಗಿ ಬರುವುದಿಲ್ಲವಂತೆ. ಅದಕ್ಕೇ ಮದ್ರಾಸಿನಿಂದ ಬಂದಿರುವ ನಮ್ಮ ಇಂಜಿನಿಯರ್ ಸಾಹೇಬರು ಎಲ್ಲರಿಗೂ ಇಲ್ಲೇ ಒಂದೇ ಅಡುಗೆ ಎಂದು ಏರ್ಪಾಡು ಮಾಡಿದ್ದಾರೆ.

ನನ್ನ ಕೈಕೆಳಗೆ ಅಬ್ದುಲ ಖಾದರ ಎಂಬ ಬಾವರ್ಚಿ ಇದ್ದಾನೆ. ಅಡುಗೆ ಅವನು ಮಾಡುತ್ತಾನೆ, ಆಡಳಿತ ನಾನು ಮಾಡುತ್ತೇನೆ. ಕೂಲಿಯವರ ಮುಖಂಡ, ಇಲ್ಲಿ ಮುಕಾದಮ ಅನ್ನುತ್ತಾರೆ, ಧೊಂಡಿಬಾ ಅಂತ. ಕುರಿ ಕಾಯುವ ಮನೆತನ. ಇಬ್ಬರೂ ಇಲ್ಲೇ ಹತ್ತಿರದ ಒಂದೇ ಹಳ್ಳಿಯವರು. ಆದರೆ ಒಂದು ವಿಚಿತ್ರ: ಒಬ್ಬರಿಗೊಬ್ಬರು ಏನು ಹೇಳಬೇಕಾದರೂ ನನ್ನ ಮೂಲಕ ಹೇಳುತ್ತಾರೆ. "ಸಾಹೇಬ್ರ, ಉಪ್ಪು ಕಡಿಮಿ ಆಗ್ಯಾದ ಅಂತ ಅವರಿಗಿ ಹೇಳ್ರಿ" ಎಂದು ಇವನು. "ಹಾಕ್ತೇನಿ ಅಂತ ಹೇಳ್ರಿ" ಎಂದು ಅವನು. ನಡುವೆ ಒಂದು ಮಾರು ಅಂತರ. ಸರ್ಕಾರಿ ಶಿಸ್ತು ಎಂದರೆ ಹೀಗಿರಬೇಕು ಎಂದು ಸಂತೋಷಪಟ್ಟೆ.

ನೀನು ಬೇಗ ಹೊರಟು ಬಾ. ಡೇರೆ ದೊಡ್ಡದು.

ಇಂತಿ, ಮ್ಯಾನೇಜರ್,
ಶ್ರೀಕಂಠಯ್ಯ

---

ತಿಪಟೂರು
೧೬ ಅಕ್ಟೋಬರ್ ೧೯೪೯

ಯಜಮಾನರಿಗೆ ಕಾಮಾಕ್ಷಿಯ ನಮಸ್ಕಾರಗಳು.

ಆ ಪದವನ್ನು ಅಣ್ಣನಿಗೆ ಎರಡು ಸಲ ಓದಿದೆ. ಮೂರನೆಯ ಸಲ ಓದು ಅಂದ, ಅವನ ನಗು ಇನ್ನೂ ಮುಗಿದಿರಲಿಲ್ಲ.

ಬಾ ಅಂದಿದ್ದೀರಿ. ಮದುವೆಯಾದ ಮೇಲೆ ನಿಮ್ಮ ಹಿಂದೆ ಅರಸೀಕೆರೆಗೆ ಬಂದೆ, ಸೋಡಾ ಅಂಗಡಿ. ಕಡೂರಿಗೆ ಬಂದೆ, ಕಾಫಿಪುಡಿ. ಚಿಕ್ಕನಾಯಕನಹಳ್ಳಿಗೆ ಬಂದೆ, ಊದುಬತ್ತಿ. ಹೋದಲ್ಲೆಲ್ಲ ಮಣ್ಣು ಕಲಸಿ ಒಲೆ ಹೂಡಿದೆ. ಒಲೆ ಒಣಗುವ ಮೊದಲೇ ನೀವು ಗಾಡಿ ಕಟ್ಟಿಸಿದಿರಿ. ಈಗ ಡೇರೆ ಅನ್ನುತ್ತಿದ್ದೀರಿ. ಡೇರೆಯಲ್ಲಿ ಒಲೆ ಎಲ್ಲಿ ಹೂಡಲಿ?

ಈ ಸಲ ಹೊರಡುವಾಗಲೂ ನೀವು ನನ್ನನ್ನು ಕೇಳಲಿಲ್ಲ. "ಪೆಟ್ಟಿಗೆ ಕಟ್ಟೇ" ಅಂದಿರಿ. ಯಾರ ಪೆಟ್ಟಿಗೆ ಎಂದು ನಾನೂ ಕೇಳಲಿಲ್ಲ, ನಿಮ್ಮದೊಂದನ್ನೇ ಕಟ್ಟಿದೆ.

ಕೆಲಸ ಖಾಯಂ ಆಯಿತೆಂದು ಸಾಹೇಬರ ಸಹಿಯಾದ ಕಾಗದ ಬರಲಿ. ಆವತ್ತೇ ಹೊರಡುತ್ತೇನೆ. ಅಲ್ಲಿಯವರೆಗೆ ಅಣ್ಣನ ಮನೆಯ ಒಲೆ ಚೆನ್ನಾಗಿಯೇ ಉರಿಯುತ್ತಿದೆ.

ಹೊಸ ಹಾಸಿಗೆ ಕೊಂಡಿರೋ? ನೆಲದ ಮೇಲೆ ಮಲಗಬೇಡಿ.

ನಿಮ್ಮ,
ಕಾಮಾಕ್ಷಿ

---

ರಸ್ತೆ ಕ್ಯಾಂಪು, ಔರಾದ
೫ ನವೆಂಬರ್ ೧೯೪೯

ಚಿ|| ಸೌ|| ಕಾಮಾಕ್ಷಿಗೆ ಆಶೀರ್ವಾದಗಳು.

ಖಾಯಂ ತಾನೆ? ಸಿದ್ಧವಾಗಿರು. ಬಂತು ಎಂದೇ ತಿಳಿ.

ಮೊದಲು ಇಲ್ಲಿ ಆದ ಒಂದು ಕ್ರಾಂತಿಯ ವಿಷಯ ಹೇಳಬೇಕು. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ ಮಾಡಿಸಿ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ತಿಂದರು. ಎದ್ದು ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತರು.

"ಯಾಕ್ರಪ್ಪ, ಇನ್ನೇನು?" ಎಂದೆ.

"ನಾಷ್ಟಾ ಆಯ್ತಲ್ರಿ ಸಾಹೇಬ್ರ. ಊಟ ಯಾವಾಗ್ರಿ?"

ಇವರ ಲೆಕ್ಕದಲ್ಲಿ ಅನ್ನ ಊಟವೇ ಅಲ್ಲ, ಊಟದ ದಾರಿಯಲ್ಲಿ ಸಿಗುವ ಒಂದು ಸಣ್ಣ ಸ್ಟೇಷನ್ನು. ಜೋಳದ ರೊಟ್ಟಿ ಬಂದರೇ ಊಟ. ಕೊನೆಗೆ ಧೊಂಡಿಬಾನ ಹೆಂಡತಿ ಹೀರಾಬಾಯಿ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಬಂದು ರೊಟ್ಟಿ ಬಡಿಯಲು ಕೂತಳು. ಆ ಸದ್ದಿಗೆ ಕೂಲಿಯವರ ಮುಖದಲ್ಲಿ ಬಂದ ಕಳೆಯನ್ನು ನಾನು ನಾದಸ್ವರಕ್ಕೂ ನೋಡಿಲ್ಲ. ಜೊತೆಗೆ ಪುಂಡಿ ಸೊಪ್ಪಿನ ಪಲ್ಯ. ಹುಳಿ ಎಂದರೆ ಹುಳಿ, ಮೊದಲ ತುತ್ತಿಗೆ ನನ್ನ ಎಡಗಣ್ಣು ಮುಚ್ಚಿಹೋಯಿತು. ಈಗ ದಿನಾ ತಿನ್ನುತ್ತೇನೆ. ಕಣ್ಣು ತೆರೆದೇ ಇರುತ್ತದೆ.

ಈಗ ಖಾಯಂ ವಿಚಾರ. ಇಂಜಿನಿಯರ್ ಸಾಹೇಬರು ಕರೆದು ಹೇಳಿದರು: "ಶ್ರೀಕಂಠಯ್ಯ, ಸಂಕ್ರಾಂತಿಯವರೆಗೆ ಜನ ಕ್ಯಾಂಪು ಬಿಡಬಾರದು. ಅಷ್ಟು ಮಾಡಿದರೆ ನಿಮ್ಮನ್ನು ಖಾಯಂ ಮಾಡಲು ನಾನೇ ಬರೆಯುತ್ತೇನೆ." ಜನ ಬಿಡುವುದಾದರೆ ಯಾವಾಗ ಎಂದು ಧೊಂಡಿಬಾನನ್ನು ವಿಚಾರಿಸಿದೆ.

"ಎಳ್ಳಮಾಸಿಗಿ ಹೊಲಕ್ಕ ಹೋಗ್ತಾರ್ರಿ." ಎಳ್ಳಮಾಸೆ ಎಂದರೆ ಎಳ್ಳು ಅಮಾವಾಸ್ಯೆ, ಇಲ್ಲಿ ದೊಡ್ಡ ಹಬ್ಬ.

"ಹೋಗಿ?"

"ಭಜ್ಜಿ ತಿಂತಾರ್ರಿ."

"ತಿಂದು?"

"ಮಕ್ಕೋತಾರ್ರಿ. ಮರುದಿನ ಜ್ವಾಳದಾಗ ಹಕ್ಕಿ ಕಾಯೋದು ಇರ್ತದ್ರಿ. ಆಮ್ಯಾಲ ಕಡ್ಲಿ ಕೀಳೋದು. ಆಮ್ಯಾಲ ರಾಶಿ…"

ಅಂದರೆ ಒಂದು ಬಜ್ಜಿ ತಿನ್ನಲು ಹೋದವರು ಶಿವರಾತ್ರಿಗೆ ಬರುತ್ತಾರೆ. ನನ್ನ ತಲೆ ಮಿಂಚಿತು. "ಬಜ್ಜಿಯನ್ನು ಇಲ್ಲೇ ಮಾಡಿ ಹಾಕಿದರೆ?"

ಧೊಂಡಿಬಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲಿ? ಕ್ಯಾಂಪಿನ್ಯಾಗ? ನಿಮಗ ಭಜ್ಜಿ ಮಾಡ್ಲಿಕ್ಕಿ ಬರ್ತದೇನ್ರಿ?"

"ನನ್ನ ಹೆಂಡತಿಯ ಬಜ್ಜಿಗೋಸ್ಕರ ತಿಪಟೂರಿನಲ್ಲಿ ಗಾರ್ಡು ರೈಲು ನಿಲ್ಲಿಸಿದ್ದುಂಟಯ್ಯಾ!"

"ಬದ್ನಿಕಾಯಿ ಹಾಕ್ತೀರಿ?"

"ಹಾಕದೆ ಇರುತ್ತೇವೆಯೆ?"

"ಹಸಿ ಮೆಣಸಿನಕಾಯಿ?"

"ಅದೇ ಮೊದಲು."

"ಕಡ್ಲಿ ಹಿಟ್ಟು?"

"ಅದಿಲ್ಲದಿದ್ದರೆ ಅದು ಬಜ್ಜಿಯೇ ಅಲ್ಲ!"

ಅವನ ಕಣ್ಣು ತೇವವಾಯಿತು ಕಾಮಾಕ್ಷಿ. "ನೀವು ಮೈಸೂರ ಕಡಿಯವರು ಅಂದ್ರ ಯಾರೂ ನಂಬಂಗಿಲ್ರಿ" ಅಂದ. ಎಲ್ಲರನ್ನೂ ಅಮಾವಾಸ್ಯೆ ದಿನ ನಿಲ್ಲಿಸಿಕೊಳ್ಳುವುದಾಗಿ ಮಾತು ಕೊಟ್ಟ.

ನಿನ್ನ ಬಜ್ಜಿಯ ಹದವನ್ನು ಒಂದೂ ಬಿಡದೆ ಬರೆದು ಕಳಿಸು. ನಮ್ಮ ಸಂಸಾರ ಈಗ ಬಾಣಲೆಯಲ್ಲಿದೆ.

ಇಂತಿ, ಖಾಯಂ ಆಗಲಿರುವ,
ಶ್ರೀಕಂಠಯ್ಯ

---

ತಿಪಟೂರು
೧೮ ನವೆಂಬರ್ ೧೯೪೯

ಯಜಮಾನರಿಗೆ ನಮಸ್ಕಾರಗಳು.

ಕಡಲೆಹಿಟ್ಟಿಗೆ ಒಂದು ಪಾಲು ಅಕ್ಕಿಹಿಟ್ಟು ಸೇರಲಿ. ಕಲಸಿದ್ದು ಬೆರಳಿನಿಂದ ಧಾರೆಯಾಗಿ ಇಳಿಯಬಾರದು, ಯೋಚನೆ ಮಾಡಿ ಇಳಿಯಬೇಕು. ಓಮದ ಕಾಳನ್ನು ಅಂಗೈಯಲ್ಲಿ ಉಜ್ಜಿ ಹಾಕಿ. ಸೋಡಾ ಚಿಟಿಕೆ, ನಿಮ್ಮ ಚಿಟಿಕೆಯಲ್ಲ, ನನ್ನ ಚಿಟಿಕೆ. ಕಾದ ಎಣ್ಣೆಯನ್ನು ಒಂದು ಸೌಟು ಹಿಟ್ಟಿಗೇ ಸುರಿದು ಕಲಸಿದರೆ ಗರಿಗರಿ ನಿಲ್ಲುತ್ತದೆ. ಮೆಣಸಿನಕಾಯಿಯ ಹೊಟ್ಟೆ ಸೀಳಿ ಉಪ್ಪು, ಹುಣಸೆಹಣ್ಣು ಸವರಿ. ಎಣ್ಣೆಯ ಮುಂದೆ ನಿಂತು ಭಾಷಣ ಮಾಡಬೇಡಿ.

ಒಂದು ಅನುಮಾನ. ಹಬ್ಬದ ದಿನ ಇಷ್ಟು ಜನ ಬರೀ ಬಜ್ಜಿ ತಿನ್ನಲು ಹೊಲಕ್ಕೆ ಹೋಗುತ್ತಾರೆಯೆ? ಹೊಲದಲ್ಲಿ ಬಾಣಲೆ ಯಾರು ಹೊರುತ್ತಾರೆ? ಆ ಹೀರಾಬಾಯಿಯವರನ್ನು ಒಂದು ಮಾತು ಕೇಳಿ. ಗಂಡಸರನ್ನು ಕೇಳಬೇಡಿ.

ನನ್ನ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟಿದ್ದೇನೆ. ತುಕ್ಕು ಹಿಡಿದಿತ್ತು, ಅದಕ್ಕೆ. ಬೇರೆ ಅರ್ಥ ಮಾಡಿಕೊಳ್ಳಬೇಡಿ.

ನಿಮ್ಮ,
ಕಾಮಾಕ್ಷಿ

---

ರಸ್ತೆ ಕ್ಯಾಂಪು, ಔರಾದ
೧೦ ಡಿಸೆಂಬರ್ ೧೯೪೯

ಚಿ|| ಸೌ|| ಕಾಮಾಕ್ಷಿಗೆ ಆಶೀರ್ವಾದಗಳು.

ಟ್ರಂಕಿನ ವಿಷಯ ಓದಿ ಭಾಳ ಸಂತೋಷವಾಯಿತು. ಬೇರೆ ಅರ್ಥ ಮಾಡಿಕೊಂಡಿಲ್ಲ. ಅದೇ ಅರ್ಥ ಮಾಡಿಕೊಂಡಿದ್ದೇನೆ.

ಹೀರಾಬಾಯಿಯವರನ್ನು ಕೇಳಿ ಎಂದು ಬರೆದಿದ್ದೀಯೆ. ಮ್ಯಾನೇಜರಾದವನು ಬಜ್ಜಿ ಎಂದರೇನು ಎಂದು ರೊಟ್ಟಿ ಬಡಿಯುವವರನ್ನು ಕೇಳಿದರೆ ಹುದ್ದೆಯ ಘನತೆ ಏನಾಗಬೇಕು? ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು, "ಎಳ್ಳಮಾಸೆಗೆ ಬಜ್ಜಿ ಇದ್ದರೆ ಸಾಕಲ್ಲವೇನಮ್ಮ?" ಎಂದು ಕೇಳಿದೆ. "ಭಜ್ಜಿ ಇದ್ರ ಮತ್ತೇನ್ ಬೇಕ್ರಿ" ಎಂದಳು. ಆಯಿತೆ?

ಭಾಲ್ಕಿಯಿಂದ ಎಣ್ಣೆ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿವೆ. ನಿನ್ನೆ ಒಂದು ತಾಲೀಮು ಮಾಡಿದೆವು. ಇಂಜಿನಿಯರ್ ಸಾಹೇಬರು "ಪರೀಕ್ಷೆಗೆ" ಒಂದು ತಿಂದರು, "ಖಾತ್ರಿಗೆ" ಇನ್ನೊಂದು, ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟರು.

ಖಾದರನ ರೀತಿ ಮಾತ್ರ ಖರೇ ಹೇಳಬೇಕೆಂದರೆ ಅರ್ಥವಾಗುವುದಿಲ್ಲ. ಬಾಣಲೆ ಎದುರು ನಿಂತು, "ಎಳ್ಳಮಾಸಿಗಿ ಇದೇ ಮಾಡೋದೇನ್ರಿ ಸಾಬ್?" ಎಂದು ಕೇಳಿದ. ಇದೇ ಎಂದೆ. ಏನೋ ಹೇಳಲು ಬಾಯಿ ತೆರೆದ. ಆಚೆ ಧೊಂಡಿಬಾ ಹಾದುಹೋದ. ಖಾದರ ಬಾಯಿ ಮುಚ್ಚಿ ಜಾಲರಿ ಸೌಟು ಕೈಗೆ ತೆಗೆದುಕೊಂಡ. ಅವನಿಗೆ ಹಬ್ಬದ ಉತ್ಸಾಹವೇ ಇಲ್ಲ.

ಅಮಾವಾಸ್ಯೆ ಹತ್ತೊಂಬತ್ತನೇ ತಾರೀಖು, ಸೋಮವಾರ. ಅದಾದ ಮೇಲೆ ನೀನು ಹೊರಡುವ ದಿನ ಗೊತ್ತು ಮಾಡೋಣ. ತಿಳೀತೇನ್ರಿ?

ಇಂತಿ,
ಶ್ರೀಕಂಠಯ್ಯ

---

ರಸ್ತೆ ಕ್ಯಾಂಪು, ಔರಾದ
೨೨ ಡಿಸೆಂಬರ್ ೧೯೪೯

ಕಾಮಾಕ್ಷಿಗೆ ಆಶೀರ್ವಾದಗಳು.

ಎಳ್ಳಮಾಸೆ ಆಯಿತು. ಇಲ್ಲಿ ಹವಾ ಚೆನ್ನಾಗಿದೆ. ಬೆಳಿಗ್ಗೆ ಚಳಿ ಇರುತ್ತದೆ.

ಬಜ್ಜಿ ಗರಿಗರಿಯಾಗಿತ್ತು. ನಿನ್ನ ಹದದಲ್ಲಿ ಯಾವ ದೋಷವೂ ಇರಲಿಲ್ಲ. ಈ ವಿಷಯದಲ್ಲಿ ಇಷ್ಟು ಸಾಕು.

ಕೂಲಿಯವರು ಸದ್ಯ ಸ್ವಲ್ಪ ಹೊರಗಡೆ ಇದ್ದಾರೆ. ಕ್ಯಾಂಪಿನಲ್ಲಿ ಗಾಳಿ ಬೆಳಕು ಧಾರಾಳವಾಗಿ ಆಡುತ್ತಿದೆ. ಟ್ರಂಕಿಗೆ ಬೀಗ ಹಾಕುವ ಅವಸರ ಬೇಡ.

ಇಂತಿ,
ಶ್ರೀ.

---

ಔರಾದ
೨೯ ಡಿಸೆಂಬರ್ ೧೯೪೯

ತಿಪಟೂರಿನ ಅಕ್ಕೋರಿಗಿ ಮುಕಾದಮ ಧೊಂಡಿಬಾನ ಶರಣು.

(ಬರೆಯುವವನು ಬಕ್ಕಪ್ಪ, ಸಾಲಿ ಮಾಸ್ತರ. ಉರ್ದು ಸಾಲಿಯಲ್ಲಿ ಕಲಿಸುತ್ತೇನೆ, ಕನ್ನಡ ಭಾಲ್ಕಿಯಲ್ಲಿ ಕಲಿತೆ. ಧೊಂಡಿಬಾ ಹೇಳಿದ ಹಾಗೇ ಬರೆದಿದ್ದೇನೆ. ಅಕ್ಷರ ನನ್ನವು, ಮಾತು ಅವನವು.)

ನಿಮ್ಮ ಕಾಗದದ ಹಿಂದಿನ ವಿಳಾಸ ನೋಡಿ ಬರಸ್ಲತ್ತೇನ್ರಿ. ನಿಮ್ಮ ಯಜಮಾನರಿಗಿ ಗೊತ್ತಿಲ್ರಿ. ಅವರು ನಿಮಗ ಖರೇ ಬರೆದಿರಂಗಿಲ್ಲ ಅಂತ ನನಗ ಅನಿಸ್ಯಾದ.

ಎಳ್ಳಮಾಸಿ ದಿನ ಮುಂಜಾನಿ ಎಲ್ಲಾ ಮಂದಿ ಸಾಲ ಹಿಡಿದು ಕುಂತೇವ್ರಿ. ಸಾಹೇಬ್ರು ತಮ್ಮ ಕೈಲೇ ಬಡಿಸಿದ್ರು. ಎಲಿ ತುಂಬ ಭಜಿ. ಎಣ್ಣ್ಯಾಗ ಕರಿದ ಭಜಿ. ಮಂದಿ ಒಂದೊಂದು ತಿಂದು ಕುಂತ್ರು. ನಾನೂ ಕುಂತೆ. ಕಡೀಕ ನಾನೇ ಕೇಳ್ದೆ, "ಭಜಿ ಬಂತು. ಭಜ್ಜಿ ಯಾವಾಗ್ರಿ?"

"ಇದೇ ಬಜ್ಜಿ" ಅಂದ್ರು.

"ಇದು ಭಜಿ ಅದರಿ."

"ಬಜ್ಜಿ!"

"ಭಜಿ!"

ಅಕ್ಕೋರ, ನಿಮಗೂ ತಿಳಿದಿರಂಗಿಲ್ಲ, ಹೇಳ್ತೇನಿ. ನಮ್ಮಲ್ಲಿ ಕರಿದದ್ದಕ್ಕ ಭಜಿ ಅಂತೇವಿ. ಭಜ್ಜಿ ಅಂದ್ರ ಬ್ಯಾರೇನೇ ಅದ. ಹಸಿ ತೊಗರಿಕಾಳು, ಅವರಿಕಾಳು, ಹಸಿ ಕಡ್ಲಿ, ಶೇಂಗಾ, ಮೆಂತಿ ಪಲ್ಯ, ಉಳ್ಳಾಗಡ್ಡಿ ತಪ್ಪಲ, ಬದ್ನಿಕಾಯಿ, ಬಾರಿಹಣ್ಣು, ಹೊಲದಾಗ ಆ ದಿನಕ್ಕ ಏನೇನು ಹಸರು ಅದ ಎಲ್ಲಾ ಕೂಡಿಸಿ ಕ್ವಾಡಗಟ್ಟಲೆ ಕುದಿಸಿ, ಕಡ್ಲಿ ಹಿಟ್ಟು ಹಚ್ಚಿ ಮಾಡೋದು. ಹೊಲದಾಗ ಜ್ವಾಳದ ದಂಟಿನ ಸಣ್ಣ ಗುಡಿಸಲಾ, ಅದಕ್ಕ ಕೊಪ್ಪಿ ಅಂತೇವಿ, ಅದು ಹಾಕಿ, ಭೂಮಿತಾಯಿಗಿ ಎಡಿ ಹಿಡಿದು, ಅಂಬಲಿ ಜೋಡಿ ಉಣ್ಣೋದು. (ಒಂದು ಒತ್ತಕ್ಷರದ ವ್ಯತ್ಯಾಸ. ಮೈಸೂರಿನವರು ಒತ್ತನ್ನು ತಪ್ಪು ತಿನಿಸಿಗೆ ಹಚ್ಚಿದ್ದಾರೆ. ಬಕ್ಕಪ್ಪ.)

ಗದ್ದಲ ಕೇಳಿ ಇಂಜಿನಿಯರ್ ಸಾಹೇಬ್ರು ಬಂದ್ರು. ಎರಡರ ಫರಕು ಅವರಿಗೂ ತಿಳೀಲಿಲ್ಲ, ಎರಡು ಭಜಿ ತಿಂದು ಹೋದ್ರು. ಮಂದಿ ಎದ್ದು ಹೊಲದ ಹಾದಿ ಹಿಡಿದ್ರು. ಮಾತು ಕೊಟ್ಟಿದ್ದೆ ಖರೇ, ಆದ್ರ ಭಜ್ಜಿ ಇಲ್ದ ಎಳ್ಳಮಾಸಿ ಹ್ಯಾಂಗ್ರಿ? ನಾನೂ ಹೊಂಟೆ.

ಹಳ್ಳದ ತನಕ ಹೋಗಿ ಹೊಳ್ಳಿ ನೋಡ್ದೆ. ನಿಮ್ಮ ಯಜಮಾನರು ದೊಡ್ಡ ಬುಟ್ಟಿ ಮುಂದ ಒಬ್ಬರೇ ಕುಂತಿದ್ರು. ಹಿಂದ ಖಾದರ ನಿಂತಿದ್ದ. ಎಳ್ಳಮಾಸಿ ದಿನ ಹಾದ್ಯಾಗ ಯಾವ ಮನಷಾ ಕಂಡ್ರೂ ಹೊಲಕ್ಕ ಕರೀಬೇಕು, ಉಣಿಸದ ಬಿಡಂಗಿಲ್ಲ, ಅದು ನಮ್ಮ ಕಡಿ ಪದ್ಧತಿ. ತಿರುಗಿ ಬಂದೆ. "ಸಾಹೇಬ್ರ, ನಡ್ರಿ ಹೊಲಕ್ಕ" ಅಂದೆ.

"ನಾನೊಬ್ಬನೇ ಬರೋದಿಲ್ಲ. ಹಬ್ಬದ ದಿನ ನನ್ನ ಸ್ಟಾಫನ್ನ ಬಿಟ್ಟು ಉಣ್ಣಲಾ? ಖಾದರ, ಬುಟ್ಟಿ ಎತ್ತು, ನಡೀ" ಅಂದ್ರು.

ನಾ ಹಿಂದ ನೋಡದ ಮುಂದ ನಡೆದೆ.

ಖಾದರನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವ ಒಂದೇ ಬದು ಅದ. ಅವರಪ್ಪ, ನಮ್ಮಪ್ಪ ಕೂಡಿ ಬಿತ್ತಿದವರು. ಎಳ್ಳಮಾಸಿ ಬಂದ್ರ ಅವರ ಮನಿ ಮಂದಿ ನಮ್ಮ ಕೊಪ್ಪಿ ಮುಂದೇ ಉಣ್ತಿದ್ರು. ಆ ಮ್ಯಾಲ ರಜಾಕಾರರ ಗದ್ದಲದಾಗ ನಮ್ಮ ಬಣವಿ ಸುಟ್ಟಿತು. ಪೊಲೀಸ್ ಆಕ್ಷನ್ ಆದ ಮ್ಯಾಲ ಒಂದಿನ ಅವನ ತಮ್ಮ ಪ್ಯಾಟಿಗಿ ಹೋದವ ತಿರುಗಿ ಬರಲಿಲ್ಲ. ಬಣವಿ ಅವ ಸುಟ್ಟಿಲ್ಲ. ಅವನ ತಮ್ಮಗ ನಾ ಏನೂ ಮಾಡಿಲ್ಲ. ಇದು ಅವನಿಗೂ ಗೊತ್ತು, ನನಗೂ ಗೊತ್ತು. ಆದ್ರೂ ಹೋದ ವರ್ಷ ನಾ ಕರೀಲಿಲ್ಲ, ಅವ ಬರಲಿಲ್ಲ. ಈ ವರ್ಷ ಹ್ಯಾಂಗ ಕರೀಲಿ, ಕರೆದ್ರ ಬರ್ತಾನೋ ಇಲ್ಲೋ ಅಂತ ನಾ ಎಷ್ಟು ದಿನದಿಂದ ವಿಚಾರ ಮಾಡ್ಲತ್ತಿದ್ದೆ. ನಿಮ್ಮ ಯಜಮಾನರು ಏನೂ ತಿಳೀದ, ಅವನ ತಲಿ ಮ್ಯಾಲ ಒಂದು ಭಜಿ ಬುಟ್ಟಿ ಹೊರಿಸಿ ಕರಕೊಂಡು ಬಂದ್ರು.

(ಇಲ್ಲಿ ಧೊಂಡಿಬಾ ಎದ್ದು ಹೋಗಿ ಎತ್ತಿಗೆ ಮೇವು ಹಾಕಿ ಬಂದ. ನಾನು ಲೇಖನಿಗೆ ಮಸಿ ತುಂಬಿಕೊಂಡೆ. ಬಕ್ಕಪ್ಪ.)

ಹೊಲದಾಗ ಖಾದರ ಬದುವಿನ ಆಚಿಗೇ ನಿಂತ. ಸಾಹೇಬ್ರು, "ಅಲ್ಲಿ ಯಾಕ ನಿಂತಿ? ಬಾ, ನನ್ನ ಬಾಜೂ ಕೂಡು, ಇದರಾಗ ಏನೇನು ಹಾಕ್ಯಾರ ನೋಡಿ ಹೇಳು" ಅಂತ ಕೈ ಹಿಡಿದು ಕೂಡಿಸಿದ್ರು. ನಮ್ಮಾಕಿ ಹೀರಾಬಾಯಿ ಮೊದಲ ಸೌಟು ಖಾದರಗೇ ಹಾಕಿದಳು. "ಅಣ್ಣಾ, ಉಪ್ಪು ನೋಡು" ಅಂದಳು. ಅವ ಭಾಳ ಹೊತ್ತು ನೋಡ್ದ. "ಬರೋಬರಿ ಅದ, ತಂಗಿ" ಅಂದ. ನಿಮ್ಮ ಯಜಮಾನರು ಮೂರನೇ ಸಲ ಹಾಕಿಸಿಕೊಂಡು, "ಉಪ್ಪು ಒಂದು ಚೂರು ಮುಂದಾಯಿತು" ಅಂದ್ರು! ಎಲ್ಲರೂ ನಕ್ಕೇವು. ಯಾಕ ನಕ್ಕೇವು ಅವರಿಗಿ ಇನ್ನೂ ತಿಳಿದಿಲ್ಲ, ನೀವೂ ಹೇಳಬ್ಯಾಡ್ರಿ.

ನಿಮ್ಮ ಭಜಿ ಹುಡುಗರು ಒಂದೂ ಉಳಿಸಲಿಲ್ಲ. ಬ್ಯಾರೆ ದಿನ ಮಾಡಿದ್ರ ಕುಣದಾಡಿ ತಿಂತಿದ್ದೇವು, ಅಕ್ಕೋರ.

"ಅಕ್ಕೋರು ಯಾವಾಗ ಬರ್ತಾರ್ರಿ?" ಅಂತ ಹೀರಾಬಾಯಿ ಕೇಳಿದಳು. ಸಾಹೇಬ್ರು ತಮ್ಮ ತಾಟು ನೋಡಿದ್ರು. "ಅಂಬಲಿ ಇದ್ರ ಇನ್ನಷ್ಟು ಹಾಕ್ರಿ" ಅಂದ್ರು. ಅಂಬಲಿ ಅವರಿಗಿ ಸೇರಂಗಿಲ್ಲ.

ನಾಳಿಂದ ನಮ್ಮ ಮಂದಿ ಕ್ಯಾಂಪಿಗಿ ಹೊಳ್ಳಿ ಬರ್ತಾರ. ಮನ್ಯಾಗ ಒಬ್ಬ ಹೊಲಕ್ಕ, ಒಬ್ಬ ಕೆಲಸಕ್ಕ ಅಂತ ಪಾಳಿ ಮಾಡೇವಿ. ನಿಮ್ಮ ಯಜಮಾನರು ನಮಗ ಬರ್ರಿ ಅಂತ ಅನ್ನಲಿಲ್ಲ. ಅನ್ನದಿದ್ದಕ್ಕೇ ಬರ್ತೇವಿ.

ಭಜ್ಜಿ ಹ್ಯಾಂಗ ಮಾಡೋದು ಬರೆದು ಕಳಿಸು ಅಂದ್ರ ಹೀರಾಬಾಯಿ ಒಲ್ಲೆ ಅಂತಾಳ. ಬಂದು ಉಂಡು ಹೋಗಬೇಕಂತ.

ಧೊಂಡಿಬಾ, ಹೆಬ್ಬೆಟ್ಟಿನ ಅಂಗಠಾ
(ಸಾಕ್ಷಿ: ಬಕ್ಕಪ್ಪ)

---

ರಸ್ತೆ ಕ್ಯಾಂಪು, ಔರಾದ
೮ ಜನವರಿ ೧೯೫೦

ಸೌ|| ಕಾಮಾಕ್ಷಮ್ಮನವರಿಗೆ ಶ್ರೀಕಂಠಯ್ಯನ ನಮಸ್ಕಾರ.

ಮಂದಿ ಎಲ್ಲಾ ತಿರುಗಿ ಬಂದಾರ್ರಿ. ಯಾಕ ಬಂದರು ನನಗೂ ತಿಳೀಲಿಲ್ಲ. ನನ್ನ ಆಡಳಿತದ ಬಿಗಿ ನೋಡಿ ಬಂದರೆಂದು ಇಂಜಿನಿಯರ್ ಸಾಹೇಬರು ನಂಬಿದ್ದಾರೆ. ನಾನು ಹೌದೆಂದೂ ಅಲ್ಲೆಂದೂ ಹೇಳಿಲ್ಲ.

ಆದರೆ ಖಾಯಂ ಆಗೋದಿಲ್ರಿ. ಸಾಹೇಬರು ಬರೆದರು, ಮೇಲಿನವರು ತಿರುಗಿ ಬರೆದರು: ರಸ್ತೆ ಮುಗಿದರೆ ಕ್ಯಾಂಪಿಲ್ಲ, ಕ್ಯಾಂಪಿಲ್ಲದಿದ್ದರೆ ಮೆಸ್ಸಿಲ್ಲ, ಮೆಸ್ಸಿಲ್ಲದಿದ್ದರೆ ಮ್ಯಾನೇಜರು ಯಾತಕ್ಕೆ? ನಾನು ಖಾಯಂ ಆಗಬೇಕಾದರೆ ರಸ್ತೆ ಮುಗಿಯಲೇಬಾರದು. ರಸ್ತೆಯ ಕೆಲಸ ನೋಡಿದರೆ ಅಂಥ ಆಸೆ ಇಟ್ಟುಕೊಳ್ಳಬಹುದು, ಆದರೂ ಅದನ್ನು ಸಹಿಯಾದ ಕಾಗದ ಅನ್ನಲಿಕ್ಕೆ ಬರುವುದಿಲ್ಲ.

ಆದ್ದರಿಂದ ನೀವು ಹಾಕಿದ ಕಟ್ಟಳೆ ಪೂರಾ ಆಗಲಿಲ್ಲ. ಇಲ್ಲಿ ಇನ್ನೊಂದು ವರ್ಷ ಕೆಲಸ ಉಂಟು, ಅದರಾಚೆ ಗೊತ್ತಿಲ್ಲ. ಬೀದರಿನ ನೌಬಾದ ಕಡೆ ಮುಂದಿನ ಕೆಲಸ ಬೀಳುತ್ತದಂತೆ, ಅದೂ ಬರೀ ಮಾತು. ಡೇರೆಯ ಹಿಂದೆ ಒಲೆ ಹೂಡುವಷ್ಟು ಜಾಗ ಅದ. ಮಣ್ಣು ಚಲೋ ಅದ, ಖಾದರ ಕಲಸಿಕೊಡುತ್ತೇನೆ ಅಂತಾನೆ, ಹುಲ್ಲು ಧೊಂಡಿಬಾ ತರುತ್ತಾನಂತೆ. ಈಗ ಅವರಿಬ್ಬರೂ ನೇರ ಮಾತಾಡುತ್ತಾರ್ರಿ, ನನ್ನ ಗೈರುಹಾಜರಿಯಲ್ಲಿ ನನ್ನ ಅನ್ನದ ಬಗ್ಗೆಯೂ. ಶಿಸ್ತು ಹಾಳಾಗಿದೆ.

ಬರಬೇಕು ಅಂತ ನಾನು ಅನ್ನುವುದಿಲ್ಲ. ನಿಮಗ ಹ್ಯಾಂಗ ಅನ್ನಿಸ್ತದ? ನೀವೇ ವಿಚಾರ ಮಾಡಿ ಹೇಳ್ರಿ. ನೀವು ಹೇಳಿದ ಹಾಗೆ.

ಶ್ರೀಕಂಠಯ್ಯ

---

ತಿಪಟೂರು
೧೯ ಜನವರಿ ೧೯೫೦

ಯಜಮಾನರಿಗೆ ಕಾಮಾಕ್ಷಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಲು ಶುರು ಮಾಡಿ, ನಿಲ್ಲಿಸಿ, ಲಕೋಟೆಯ ವಿಳಾಸ ನೋಡಿದೆ. ಬೇರೆ ಯಾರಿಗೋ ಬರೆದದ್ದು ತಪ್ಪಿ ಬಂದಿದೆಯೇನೋ ಅಂದುಕೊಂಡೆ. ಕಾಮಾಕ್ಷಮ್ಮನವರು ಅಂದರೆ ಯಾರು? ಅತ್ತೆಯವರಿಗೂ ಆ ಹೆಸರಿಲ್ಲ.

ನಿಮಗೆ ಗೊತ್ತಾಗಿಲ್ಲ ಎಂದು ಕಾಣುತ್ತದೆ. ಉದ್ದಕ್ಕೂ ನನ್ನನ್ನು ಬಹುವಚನದಲ್ಲಿ ಕರೆದಿದ್ದೀರಿ. ಅಲ್ಲಿನವರ ಬಾಯಿಂದ ನಿಮ್ಮ ಬಾಯಿಗೆ, ಬಾಯಿಂದ ಲೇಖನಿಗೆ ಇಳಿದಿರಬೇಕು. ಅಣ್ಣನಿಗೆ ಓದಿ ಹೇಳಿದೆ. ಅವನು ಈ ಸಲ ನಗಲಿಲ್ಲ. ಅತ್ತಿಗೆ ಒಳಗಿನಿಂದ ಎದ್ದು ಬಂದು, "ಇನ್ನೊಂದು ಸಲ ಓದು" ಅಂದಳು. ಆಮೇಲೆ ಅಣ್ಣನ ಮುಖ ನೋಡಿದಳು. ಪಾಪ, ಅವನು ಹೋಟೆಲಿಗೆ ಬೇಗ ಹೊರಟ.

ಕೊನೆಯ ಸಾಲನ್ನು ಮಾತ್ರ ಯಾರಿಗೂ ಓದಲಿಲ್ಲ. ನನಗೆ ಹೇಗನ್ನಿಸುತ್ತದೆ ಎಂದು ನೀವು ಕೇಳಿದ್ದೀರಿ. ಅರಸೀಕೆರೆಗೆ ಹೊರಟಾಗ ಕೇಳಲಿಲ್ಲ, ಕಡೂರಿಗೆ ಕೇಳಲಿಲ್ಲ. ಕೇಳಿದರೆ ಏನು ಹೇಳಬೇಕೆಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಎರಡು ದಿನ ಯೋಚಿಸಿದೆ.

ಖಾಯಂ ಇಲ್ಲದಿದ್ದರೆ ಇಲ್ಲ. ಬರುತ್ತೇನೆ.

ಒಲೆಯ ಜಾಗವನ್ನು ನಾನು ಬಂದ ಮೇಲೆ ನೋಡುತ್ತೇನೆ. ನೀವು ಯಾರೂ ಮುಂಚೆ ಹೂಡಬೇಡಿ. ಹೀರಾಬಾಯಿಯವರಿಗೆ ಒಂದು ಸೀರೆ ತರುತ್ತಿದ್ದೇನೆ. ಯಾತಕ್ಕೆ ಎಂದು ಕೇಳಬೇಡಿ.

ಹುಣ್ಣಿಮೆ ಕಳೆದ ಮೇಲೆ ಹೊರಡುತ್ತೇವೆ. ಅಣ್ಣ ಭಾಲ್ಕಿಯವರೆಗೂ ಬಂದು ಬಿಟ್ಟುಹೋಗುತ್ತಾನೆ. ನೀವು ಸ್ಟೇಷನ್ನಿನಲ್ಲಿ ಹಾಜರಿರಬೇಕು. ಅವನ ಎದುರಿಗೆ, ಸುತ್ತಲಿನ ಪೋರ್ಟರುಗಳಿಗೂ ಕೇಳಿಸುವ ಹಾಗೆ, ನನಗೆ "ಬರ್ರಿ" ಅನ್ನಬೇಕು. ಮೊದಲ ಸಲಕ್ಕೇ ನಾನು ಇಳಿಯುವುದಿಲ್ಲ, ಎರಡನೆಯ ಸಲ ಅಂದ ಮೇಲೆ ಇಳಿಯುತ್ತೇನೆ. ರೈಲು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲವಂತೆ. ಬೇಗ ಬೇಗ ಅನ್ನಿ.

ಹೊರಟಿರುವ,
ಕಾಮಾಕ್ಷಿ